ಕ್ಯಾಟಲಾಗ್ ಅಚ್ಚು ಹಾಕಿಸೋದಾ, ಬೇಡ್ವಾ?

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಸುತ್ತ ಇದ್ದವು. ವ್ಯಾಪಾರಿಗಳಿಗೆ ಕೊಡುವ ಅಚ್ಚಾದ ಕ್ಯಾಟಲಾಗ್ ಈಗಲೂ ಬೇಕಾ ಅನ್ನೋದು. ಎಲ್ಲವನ್ನೂ ಒಟ್ಟಿಗೆ ತಗೊಂಡಿದ್ದೇನೆ. ನಾನು ಹದಿನಾಲ್ಕು ವರ್ಷ ಹಾರ್ಡ್‌ವೇರ್ ಲೈನ್‌ನಲ್ಲಿ ಸೇಲ್ಸ್‌ಮನ್ ಆಗಿದ್ದವನು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಹಾಸನ, ಇದು ನನ್ನ ರೂಟು. ಬಸ್ಸಿನಲ್ಲಿ ಬ್ಯಾಗ್ ಹೊತ್ತು ತಿರುಗಿದ್ದೇನೆ, ಆ ಬ್ಯಾಗಿನಲ್ಲಿ ಮುಕ್ಕಾಲು ಭಾರ ಕ್ಯಾಟಲಾಗ್‌ಗಳದ್ದೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಫ್ಯಾಕ್ಟರಿ ಇದೆ. ಬಾಗಿಲು, ಕಿಟಕಿಗೆ ಹಾಕುವ ಟವರ್ ಬೋಲ್ಟ್, ಆಲ್‌ಡ್ರಾಪ್, ಹಿಂಜಸ್, ಹ್ಯಾಂಡಲ್ ಮಾಡುತ್ತೇವೆ. ಸುಮಾರು 180 ಐಟಂ. ಅಪ್ಪ ಎರಡು ವರ್ಷಕ್ಕೊಮ್ಮೆ 2,000 ಕ್ಯಾಟಲಾಗ್ ಅಚ್ಚು ಹಾಕಿಸುತ್ತಾರೆ. ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಕು ಅನ್ನೋದು ನನ್ನ ವಾದ. ಇಲ್ಲೇ ನಾಗಸಂದ್ರದಲ್ಲಿ ಐಕಿಯಾ ಇದೆ, ಅಂಥ ಕಂಪನಿಯೇ ಕ್ಯಾಟಲಾಗ್ ನಿಲ್ಲಿಸಿತಲ್ಲ. ಮನೆಯಲ್ಲಿ ದಿನಾ ಇದೇ ಜಗಳ. ನೀವೇ ಹೇಳಿ.
— ಓದುಗರು, ಬೆಂಗಳೂರು

ಅಚ್ಚು ಹಾಕಿಸಿ. ಆದರೆ 2,000 ಬೇಡ.

ಮೊದಲು ಐಕಿಯಾ ವಿಷಯ ಮುಗಿಸೋಣ. ಅವರ ಕ್ಯಾಟಲಾಗ್ ಶುರುವಾಗಿದ್ದು 1951ರಲ್ಲಿ. 2016ರ ಹೊತ್ತಿಗೆ 32 ಭಾಷೆಗಳಲ್ಲಿ 20 ಕೋಟಿ ಪ್ರತಿ ಹಂಚುತ್ತಿದ್ದರು. 2020ರ ಡಿಸೆಂಬರ್‌ನಲ್ಲಿ ಇನ್ನು ಸಾಕು ಅಂತ ಘೋಷಿಸಿದರು. ಅದೆಲ್ಲ ನಿಜ. ಆದರೆ ಆ ಪುಸ್ತಕ ಹೋಗುತ್ತಿದ್ದದ್ದು ಯಾರ ಕೈಗೆ? ಮನೆಯವರ ಕೈಗೆ. ಹತ್ತು ವರ್ಷಕ್ಕೊಂದು ಸೋಫಾ ಕೊಳ್ಳುವವರಿಗೆ ಆಸೆ ಹುಟ್ಟಿಸೋದು ಅದರ ಕೆಲಸ. ಆ ಕೆಲಸವನ್ನು ಈಗ ಫೋನ್ ಚೆನ್ನಾಗಿ ಮಾಡುತ್ತದೆ. ನಿಮ್ಮ ಕ್ಯಾಟಲಾಗ್ ಹೋಗೋದು ಅಂಗಡಿಯವನ ಕೈಗೆ. ಅವನು ನಿನ್ನೆಯೂ ಹಿಂಜಸ್ ಕೊಂಡಿದ್ದಾನೆ, ನಾಳೆಯೂ ಕೊಳ್ಳುತ್ತಾನೆ. ಅವನಿಗೆ ಯಾರೂ ಆಸೆ ಹುಟ್ಟಿಸಬೇಕಿಲ್ಲ. ಗಿರಾಕಿ ಕೇಳುತ್ತಿರುವ ಸಾಮಾನು ಯಾವುದು, ಅದರ ಸೈಜ್ ಎಷ್ಟು, ಆರ್ಡರ್ ಕೊಡುವಾಗ ಯಾವ ಕೋಡ್ ಹೇಳಬೇಕು, ಇಷ್ಟು ತಿಳಿದರೆ ಸಾಕು. ಅಮೆರಿಕದಲ್ಲಿ ಮ್ಯಾಕ್‌ಮಾಸ್ಟರ್-ಕಾರ್ ಅಂತ ಕಂಪನಿ ಇದೆ. ಫ್ಯಾಕ್ಟರಿ, ವರ್ಕ್‌ಶಾಪ್‌ಗಳಿಗೆ ಬೋಲ್ಟು, ಪೈಪು, ಬೇರಿಂಗು ಎಲ್ಲ ಮಾರುತ್ತದೆ. ಅವರ ವೆಬ್‌ಸೈಟನ್ನು ಎಂಜಿನಿಯರುಗಳು ಬಾಯ್ತುಂಬ ಹೊಗಳುತ್ತಾರೆ. ಆದರೂ ನಾಲ್ಕು ಸಾವಿರ ಪುಟ ದಾಟುವ ಅವರ ಹಳದಿ ಪುಸ್ತಕ ಹೆಸರುವಾಸಿ. ಎಲ್ಲರಿಗೂ ಕೊಡೋದಿಲ್ಲ, ಆರಿಸಿದ ಗಿರಾಕಿಗಳಿಗೆ ಮಾತ್ರ. ನೀವು ಹೋಲಿಸಿ ನೋಡಬೇಕಾದ್ದು ಇವರ ಜೊತೆ.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಅರಸೀಕೆರೆಯಲ್ಲಿ ನಾನು ಹೋಗುತ್ತಿದ್ದ ಒಂದು ಅಂಗಡಿ. ಬಡಗಿಯೊಬ್ಬರು ಬಂದು ಪೇಪರಿನಲ್ಲಿ ಸುತ್ತಿದ್ದ ಮುರಿದ ಹಿಂಜ್ ಬಿಚ್ಚಿ ಕೌಂಟರ್ ಮೇಲಿಟ್ಟರು. ಹಳೇ ಮನೆಯ ಬೀರುವಿಂದ ತೆಗೆದದ್ದು, ಹೆಸರು ಗೊತ್ತಿಲ್ಲ, ಎಷ್ಟು ಇಂಚು ಅಂತ ಅವರಿಗೂ ಖಾತ್ರಿಯಿಲ್ಲ. ಅಂಗಡಿಯವರು ಏನನ್ನೂ ಕೇಳಲಿಲ್ಲ. ಮೊಳೆಗೆ ನೇತುಹಾಕಿದ್ದ ಕ್ಯಾಟಲಾಗ್ ಇಳಿಸಿದರು. ರಟ್ಟಿನ ಮೇಲೆಲ್ಲ ಗ್ರೀಸ್, ಮೂಲೆ ನಾಯಿ ಕಿವಿ ಥರ ಮಡಿಸಿಹೋಗಿತ್ತು. ಹಿಂಜಸ್ ಪುಟ ತೆಗೆದು, ಆ ಮುರಿದ ತುಂಡನ್ನು ಚಿತ್ರದ ಮೇಲೆಯೇ ಇಟ್ಟರು. ತೂತಿಗೆ ತೂತು ಕೂರಲಿಲ್ಲ. ಪಕ್ಕದ ಚಿತ್ರದ ಮೇಲೆ ಸರಿಸಿದರು. ಕೂತಿತು. "ಇದೇ, ಮೂರು ಇಂಚು, ಇದು ನಮ್ಮಲ್ಲಿಲ್ಲ, ಶನಿವಾರ ಬನ್ನಿ" ಅಂದರು. ಒಂದು ನಿಮಿಷ ಹಿಡೀಲಿಲ್ಲ.

ಆ ಕ್ಯಾಟಲಾಗ್‌ನಲ್ಲಿ ಚಿತ್ರಗಳು ಸಾಮಾನಿನ ನಿಜವಾದ ಅಳತೆಯಲ್ಲೇ ಅಚ್ಚಾಗಿದ್ದವು. ಈ ಕೆಲಸ ಫೋನಿನಲ್ಲಿ ಆಗಲ್ಲ. ಅಲ್ಲಿ ಬೆರಳಲ್ಲಿ ಹಿಗ್ಗಿಸಿದರೆ ಎರಡು ಇಂಚಿನ ಹಿಂಜ್ ಕೂಡ ಆರು ಇಂಚು ಕಾಣುತ್ತದೆ. ಪಿಡಿಎಫ್ ಅನ್ನು ಅಂಗಡಿಯ ಪ್ರಿಂಟರ್‌ನಲ್ಲಿ ತೆಗೆದರೂ ನಂಬೋ ಹಾಗಿಲ್ಲ, ಪುಟಕ್ಕೆ ಹೊಂದಿಸಲು ಅದು ತಾನಾಗಿ ಸ್ವಲ್ಪ ಕುಗ್ಗಿಸಿಬಿಡುತ್ತದೆ. ಹಾಗಾಗಿ ನಿಮ್ಮ ಕ್ಯಾಟಲಾಗ್ ಎ4 ಸೈಜ್ ಇರಲಿ. ಎ4 ಉದ್ದ 297 ಮಿಲಿಮೀಟರ್. 10 ಇಂಚಿನ ಟವರ್ ಬೋಲ್ಟ್ ಅಂದರೆ 254, ಉದ್ದಕ್ಕೆ ಆರಾಮಾಗಿ ಕೂರುತ್ತದೆ. 12 ಇಂಚಿನದು 305, ಅದು ಕೂರಲ್ಲ, ಅದನ್ನು ಚಿಕ್ಕದು ಮಾಡಿ ಪಕ್ಕದಲ್ಲಿ ಸ್ಪಷ್ಟವಾಗಿ "ಚಿತ್ರ ಅರ್ಧ ಅಳತೆ" ಅಂತ ಬರೆಸಿ. ಚಿಕ್ಕ ಐಟಂ ಎಲ್ಲ ನಿಜ ಅಳತೆಯಲ್ಲೇ ಹಾಕಿಸಿ. ತೂತಿನ ಜಾಗ, ಇಸ್ಕ್ರೂ ನಂಬರ್ ಕೂಡ ಕಾಣಬೇಕು. ಒಂದಿಷ್ಟು ಪುಟ ಜಾಸ್ತಿಯಾದರೂ ಪರವಾಗಿಲ್ಲ.

ಇನ್ನೊಂದು ವಿಷಯ. ಅಂಗಡಿಯವರು ಫೋನಿನಲ್ಲಿ ಆರ್ಡರ್ ಹೇಳೋದು ಹೇಗೆ ಗೊತ್ತಾ? "ಹದಿನಾಲ್ಕನೇ ಪೇಜ್, ಮೇಲಿಂದ ಎರಡನೇ ಲೈನ್, ಆರು ಇಂಚು, ಐದು ಡಜನ್." ಅವರ ಕೈಯಲ್ಲೂ ಅದೇ ಪುಟ, ನಿಮ್ಮ ಗೋಡೌನಿನಲ್ಲಿ ಕೂತ ಹುಡುಗನ ಕೈಯಲ್ಲೂ ಅದೇ ಪುಟ. ಹಾಗಾಗಿ ಹೊಸ ಸಲ ಅಚ್ಚು ಹಾಕಿಸುವಾಗ ಹಳೇ ಪುಟಗಳ ನಂಬರ್ ಮುಟ್ಟಬೇಡಿ. ಹೊಸ ಐಟಂ ಬಂದರೆ ಕೊನೆಗೆ ಸೇರಿಸಿ. ಕೋಡ್ ಅಂತೂ ಬದಲಿಸಲೇಬೇಡಿ. ನಾನು ಒಂದು ಕಂಪನಿಗೆ ಕೆಲಸ ಮಾಡುವಾಗ ಹೊಸ ಕ್ಯಾಟಲಾಗ್‌ನಲ್ಲಿ ಆ್ಯಂಟಿಕ್ ಫಿನಿಶ್‌ನ ಕೋಡನ್ನು ಸ್ಯಾಟಿನ್ ಫಿನಿಶ್‌ಗೆ ಕೊಟ್ಟುಬಿಟ್ಟರು. ತಿಪಟೂರಿನ ಡೀಲರ್ ಹಳೇ ಪುಸ್ತಕ ನೋಡಿ 40 ಡಜನ್ ಹ್ಯಾಂಡಲ್ ಹೇಳಿದರು, ನಮ್ಮವರು ಹೊಸ ಪುಸ್ತಕ ನೋಡಿ ಕಳಿಸಿದರು. ಅಷ್ಟೂ ವಾಪಸ್ ಬಂತು. ಲಾರಿ ಬಾಡಿಗೆ ಎರಡೂ ಕಡೆಯದು ನಮ್ಮ ತಲೆಗೆ. ಅದಕ್ಕಿಂತ ಬೇಜಾರಾಗಿದ್ದು, ಆ ಡೀಲರ್ ಆಮೇಲೆ ಎಂಟು ತಿಂಗಳು ನಮಗೆ ಆರ್ಡರ್ ಕೊಡಲಿಲ್ಲ. ಅವರದ್ದು ಒಂದು ಚೂರೂ ತಪ್ಪಿರಲಿಲ್ಲ.

ಎಷ್ಟು ಪ್ರತಿ ಅಂದರೆ, ಸುಮ್ನೆ ಅಂದಾಜಿನಲ್ಲಿ ಹೇಳಬೇಡಿ. ಲೆಡ್ಜರ್ ತೆಗೆಯಿರಿ. ಕಳೆದ ಎರಡು ವರ್ಷದಲ್ಲಿ ಎಷ್ಟು ಅಂಗಡಿಗಳಿಗೆ ಬಿಲ್ ಆಗಿದೆ ಎಣಿಸಿ. ಅಷ್ಟು ಪ್ರತಿ, ನಿಮ್ಮ ಸೇಲ್ಸ್‌ಮನ್‌ಗಳಿಗೆ ತಲಾ ಎರಡು, ಹೊಸ ಅಂಗಡಿಗಳಿಗೆ ಅಂತ ಒಂದು ನೂರು. 500 ದಾಟಲಿಕ್ಕಿಲ್ಲ ಅನಿಸುತ್ತೆ. ಆಫ್‌ಸೆಟ್ ಅಚ್ಚಿನಲ್ಲಿ ಪುಟಗಳ ಪ್ಲೇಟ್ ಮಾಡುವ ಖರ್ಚು ಎಷ್ಟು ಪ್ರತಿಗೂ ಒಂದೇ, ಅದಕ್ಕೇ ಪ್ರೆಸ್‌ನವರು "ಜಾಸ್ತಿ ಹಾಕಿಸಿ, ಒಂದಕ್ಕೆ ಕಡಿಮೆ ಬೀಳುತ್ತೆ" ಅನ್ನೋದು. ಲೆಕ್ಕ ಸರಿಯೇ. ಆದರೆ ಗೋಡೌನಿನಲ್ಲಿ ಧೂಳು ತಿನ್ನುವ ಸಾವಿರ ಪ್ರತಿ ಎಷ್ಟು ಅಗ್ಗಕ್ಕೆ ಬಿದ್ದರೂ ದಂಡವೇ. ಉಳಿಯುವ ಹಣವನ್ನು ಬೈಂಡಿಂಗ್‌ಗೆ ಹಾಕಿ. ಗಮ್ ಬೈಂಡಿಂಗ್ ಬೇಡ. ಕೌಂಟರ್ ಮೇಲೆ ಬಿಚ್ಚಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತೆ, ಒಂದು ಕೈಯಲ್ಲಿ ಒತ್ತಿ ಹಿಡೀಬೇಕು, ಇನ್ನೊಂದು ಕೈಯಲ್ಲಿ ಫೋನು, ಆಮೇಲೆ ಬರೆಯೋದು ಯಾವ ಕೈಯಲ್ಲಿ? ಹಾಳೆಗಳನ್ನು ಮಡಿಸಿ ನಡುವೆ ಪಿನ್ ಹೊಡೆಯುವ ಸೆಂಟರ್ ಪಿನ್ ಮಾಡಿಸಿ, ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು ಅಷ್ಟೇ. ಪುಟ ತುಂಬಾ ಜಾಸ್ತಿಯಾದರೆ ತಂತಿ ಹಾಕಿ ಕಟ್ಟುವ ವೈರೋ ಹಾಕಿಸಿ. ಮೇಲಿನ ಮೂಲೆಯಲ್ಲಿ ಒಂದು ತೂತು ಹೊಡೆಸಿ, ದಾರ ಕಟ್ಟಿಯೇ ಕೊಡಿ. ಮೊಳೆಗೆ ತೂಗುವ ಕ್ಯಾಟಲಾಗ್ ಕೈಗೆ ಸಿಗುತ್ತೆ, ಡ್ರಾಯರಿಗೆ ಹೋದದ್ದು ಮತ್ತೆ ಹೊರಗೆ ಬರಲ್ಲ. ನಾಲ್ಕು ಪುಟ ಹೊಳಪಿಲ್ಲದ ಮ್ಯಾಪ್‌ಲಿಥೋ ಪೇಪರ್ ಇರಲಿ, ಖಾಲಿ ಬಿಡಿ. ಹೊಳೆಯುವ ಆರ್ಟ್ ಪೇಪರ್ ಮೇಲೆ ಬಾಲ್‌ಪೆನ್ ಜಾರುತ್ತೆ. ಅಂಗಡಿಯವರಿಗೆ ಬರೆದುಕೊಳ್ಳಲು ಜಾಗ ಬೇಕು.

ನೀವು ಹೇಳುವ ಪಿಡಿಎಫ್ ಕೂಡ ಬೇಕೇ ಬೇಕು. ಹೊಸ ಐಟಂ ಬಂದ ದಿನವೇ ಎಲ್ಲರಿಗೂ ತಲುಪಿಸೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಆದರೆ ಇಡೀ ಪುಸ್ತಕವನ್ನು ಒಂದೇ ಫೈಲ್ ಮಾಡಿ ಕಳಿಸಬೇಡಿ, ತೆರೆಯೋದೇ ಇಲ್ಲ. ಪುಟ ಪುಟವಾಗಿ, ಅದೇ ಪುಟ ನಂಬರ್ ಇಟ್ಟು ಕಳಿಸಿ. ಅಪ್ಪನಿಗೂ ಇದನ್ನು ಓದಿ ಹೇಳಿ.

ಪ್ರಶ್ನೆ: ಹಿರಿಯೂರಿನಲ್ಲಿ ಪಂಪ್‌ಸೆಟ್, ಮೋಟಾರ್ ಸ್ಪೇರ್ಸ್ ಅಂಗಡಿ ಇಟ್ಟಿದ್ದೇನೆ. ಬರುವ ಪ್ರತಿ ಕಂಪನಿಯ ಸೇಲ್ಸ್ ರೆಪ್ ಒಂದು ಕ್ಯಾಟಲಾಗ್ ಇಟ್ಟು ಹೋಗುತ್ತಾರೆ. ಒಂದು ಕಪಾಟು ತುಂಬಿದೆ. ಎಲ್ಲ ರದ್ದಿಗೆ ಹಾಕಿ ಇಂಟರ್‌ನೆಟ್‌ನಲ್ಲೇ ನೋಡಿಕೊಳ್ಳಬಹುದಾ?
— ಓದುಗರು, ಹಿರಿಯೂರು

ಮುಕ್ಕಾಲು ಪಾಲು ಹಾಕಬಹುದು. ಬಣ್ಣದ ಫೋಟೊ, ಕಂಪನಿಯ ಕಟ್ಟಡ, ಮಾಲೀಕರ ಸಂದೇಶ, ಇಷ್ಟೇ ಇರುವ ಪುಸ್ತಕಗಳನ್ನು ಇವತ್ತೇ ಹಾಕಿ. ಟೇಬಲ್ ಇರುವವನ್ನು ಇಟ್ಟುಕೊಳ್ಳಿ.

ಸಬ್‌ಮರ್ಸಿಬಲ್ ಪಂಪಿನ ಹೆಡ್ (ನೀರು ಎತ್ತುವ ಎತ್ತರ), ಡಿಸ್ಚಾರ್ಜ್ (ಬರುವ ನೀರು) ಟೇಬಲ್ ನಿಮ್ಮ ಅನ್ನ. ರೈತ ಬಂದು "400 ಅಡಿಗೆ ಇಳಿಸಬೇಕು, ಒಂದೂವರೆ ಇಂಚು ನೀರಿದೆ" ಅನ್ನುತ್ತಾನೆ. ಟೇಬಲ್‌ನಲ್ಲಿ ಇರೋದು ಮೀಟರ್, ನಿಮಿಷಕ್ಕೆ ಇಷ್ಟು ಲೀಟರ್. 400 ಅಡಿ ಅಂದರೆ 122 ಮೀಟರ್. ಆ ಕಾಲಂನಲ್ಲಿ ಬೆರಳು ಇಳಿಸುತ್ತಾ ಹೋದರೆ ಯಾವ ಎಚ್‌ಪಿಗೆ, ಎಷ್ಟು ಸ್ಟೇಜಿಗೆ ಎಷ್ಟು ನೀರು ಬರುತ್ತೆ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ. ಇಡೀ ಟೇಬಲ್ ಕಣ್ಣ ಮುಂದೆ ಇದ್ದರೆ ಮಾತ್ರ ಇದು ಸಾಧ್ಯ. ಫೋನಿನಲ್ಲಿ ಅಂಕಿ ಕಾಣಬೇಕು ಅಂತ ಹಿಗ್ಗಿಸಿದರೆ ಮೇಲಿನ ತಲೆಬರಹ ಮಾಯವಾಗುತ್ತೆ. ಒಂದು ಕಾಲಂ ಪಕ್ಕಕ್ಕೆ ಜಾರಿದರೆ ಸಾಕು, ತಪ್ಪು ಪಂಪ್ ಬೋರಿಗೆ ಇಳಿಯುತ್ತೆ. ಅದನ್ನು ಮತ್ತೆ ಮೇಲೆತ್ತಿಸುವ ಖರ್ಚು ಎಷ್ಟು ಅಂತ ನಿಮಗೇ ಗೊತ್ತು, ಆ ಖರ್ಚು ಬೀಳೋದು ಸಾಲ ಮಾಡಿ ಬೋರ್ ಕೊರೆಸಿದವನ ಮೇಲೆ. ಆ ಟೇಬಲ್‌ನಲ್ಲಿ ಮೀಟರ್ ಪಕ್ಕದಲ್ಲಿ ಅಡಿ ಎಷ್ಟು ಅಂತ ಪೆನ್ನಿನಲ್ಲಿ ಬರೆದಿಡಿ. ರೈತನ ಕಡೆ ತಿರುಗಿಸಿ ತೋರಿಸಿ. ಅವನೂ ಬೆರಳಿಟ್ಟು ನೋಡಲಿ. ನೀವು ದುಬಾರಿ ಪಂಪ್ ತಲೆಗೆ ಕಟ್ಟುತ್ತಿಲ್ಲ ಅನ್ನೋ ನಂಬಿಕೆ ಅವನಿಗೆ ಬರೋದು ಆಗಲೇ.

ಬೇರಿಂಗ್ ಪುಸ್ತಕ ಒಂದು ಇಟ್ಟುಕೊಳ್ಳಿ. 6204 ಅಂದರೆ ಒಳಗಿನ ತೂತು 20 ಮಿಲಿಮೀಟರ್, 6205 ಅಂದರೆ 25, ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರಾಯಿತು ಅಂತ ಮೆಕ್ಯಾನಿಕ್‌ಗಳಿಗೆಲ್ಲ ಬಾಯಿಪಾಠ. ಆದರೆ 6203ಕ್ಕೆ ಆ ಲೆಕ್ಕ ನಡೆಯಲ್ಲ, ಅದು 17. 00ದಿಂದ 03ರವರೆಗೆ ಬೇರೆಯೇ: 10, 12, 15, 17. ನಂಬರ್ ಸವೆದುಹೋದ ಬೇರಿಂಗ್ ಹಿಡಿದು ಬಂದಾಗ ಕ್ಯಾಲಿಪರ್‌ನಲ್ಲಿ ಅಳೆದು, 20, 47, 14 ಸಿಕ್ಕರೆ 6204 ಅಂತ ಪುಸ್ತಕದಲ್ಲಿ ನೋಡಿ ಹೇಳಬೇಕು. ಈ ಅಳತೆಗಳು ಎಲ್ಲ ಕಂಪನಿಗೂ ಒಂದೇ. ಹಾಗಾಗಿ ಇಪ್ಪತ್ತು ವರ್ಷ ಹಳೆಯ ಪುಸ್ತಕವಾದರೂ ಇವತ್ತಿಗೂ ಸರಿ.

ಪ್ರಶ್ನೆ: ವಿಜಯಪುರದಲ್ಲಿ ಹನಿ ನೀರಾವರಿ ಸಾಮಾನಿನ ವ್ಯಾಪಾರ. 2025ರ ಆಗಸ್ಟ್‌ನಲ್ಲಿ ತೆರಿಗೆ ಸೇರಿಸಿ ದರ ಹಾಕಿ 1,000 ಕ್ಯಾಟಲಾಗ್ ಮಾಡಿಸಿದೆ. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾಯಿತು. ಎಲ್ಲ ದರ ತಪ್ಪು. ಸ್ಟಿಕರ್ ಹಚ್ಚಲೇ, ಎಸೆಯಲೇ?
— ಓದುಗರು, ವಿಜಯಪುರ

ಓದಿ ನಿಜಕ್ಕೂ ಸಂಕಟವಾಯಿತು. ಸೆಪ್ಟೆಂಬರ್ 22ರಿಂದ ಹನಿ ನೀರಾವರಿ, ಸ್ಪ್ರಿಂಕ್ಲರ್‌ಗೆ ಶೇ 12 ಇದ್ದದ್ದು ಶೇ 5 ಆಯಿತು. ರೈತರಿಗೆ ಒಳ್ಳೆಯದೇ. ಆದರೆ ನಿಮ್ಮ ಪುಸ್ತಕ ಎರಡು ತಿಂಗಳೂ ಬಾಳಲಿಲ್ಲ.

ಎಸೆಯಬೇಡಿ. ದರದ ಕಾಲಂ ಮುಚ್ಚುವಷ್ಟು ಅಗಲದ ಬಿಳಿ ಪಟ್ಟಿ ಸ್ಟಿಕರ್ ಮಾಡಿಸಿ, ಅದರ ಮೇಲೆ ದರ ಅಚ್ಚು ಹಾಕಿಸದೆ ಖಾಲಿ ಬಿಡಿ. ಡೀಲರ್ ತನಗೆ ಬೇಕಾದ ದರ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾನೆ. ದರ ಬೇರೆ ಹಾಳೆಯಲ್ಲಿ ಕೊಡಿ, ಮೇಲೆ ದೊಡ್ಡದಾಗಿ ದಿನಾಂಕ ಹಾಕಿ, ತೆರಿಗೆ ಬಿಟ್ಟು ದರ ಹಾಕಿ, ತೆರಿಗೆಗೆ ಬೇರೆ ಕಾಲಂ.

ಮುಂದೆಯೂ ಹೀಗೇ ಮಾಡಿ. ಹೋಲ್‌ಸೇಲ್ ಕ್ಯಾಟಲಾಗ್‌ನಲ್ಲಿ ದರ ಇರಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ತೆರಿಗೆ ಒಂದೇ ಅಲ್ಲ, ಕಚ್ಚಾ ಪ್ಲಾಸ್ಟಿಕ್ ಕಾಳಿನ ದರ ಏರಿದರೂ ಬದಲಾಗಬೇಕು. ಇನ್ನೊಂದು ಕಾರಣವೂ ಇದೆ. ಅಂಗಡಿಯವರು ಕ್ಯಾಟಲಾಗನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸಬೇಕಲ್ವಾ? ಅದರಲ್ಲಿ ಅವರು ನಿಮ್ಮಿಂದ ಕೊಳ್ಳುವ ದರ ಇದ್ದರೆ ತೋರಿಸ್ತಾರಾ? ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಜಿಎಸ್‌ಟಿಗೆ ಸಾಮಾನನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್ ಮಾತ್ರ ಪುಸ್ತಕದಲ್ಲೇ ಹಾಕಿ. ತೆರಿಗೆ ಬದಲಾದರೂ ಕೋಡ್ ಸಾಮಾನ್ಯವಾಗಿ ಹಾಗೇ ಇರುತ್ತೆ, ಬಿಲ್ ಮಾಡುವವರಿಗೆ ಹುಡುಕುವ ಕೆಲಸ ತಪ್ಪುತ್ತೆ. ಪುಸ್ತಕದ ಹಿಂದಿನ ರಟ್ಟಿನ ಮೇಲೆ ಒಂದು ಕ್ಯೂಆರ್ ಹಾಕಿಸಿ, ಅದು ಯಾವಾಗಲೂ ಇವತ್ತಿನ ದರದ ಹಾಳೆಗೇ ಹೋಗಬೇಕು.

ಪ್ರಶ್ನೆ: ಶಿವಮೊಗ್ಗದಲ್ಲಿ ಪ್ಲೈವುಡ್, ಲ್ಯಾಮಿನೇಟ್ ಅಂಗಡಿ. ಗಿರಾಕಿಗಳು ಫೋನಿನಲ್ಲಿ ಬಣ್ಣ ಆರಿಸಿ ಬರುತ್ತಾರೆ, ಶೀಟ್ ಬಂದ ಮೇಲೆ "ಇದಲ್ಲ" ಅಂತಾರೆ. ಕಂಪನಿ ಕೊಟ್ಟ ಪುಸ್ತಕ ತೋರಿಸಿದರೂ ಕೆಲವು ಸಲ ಅದೇ ಗೋಳು. ಏನು ಮಾಡಲಿ?
— ಓದುಗರು, ಶಿವಮೊಗ್ಗ

ಬಣ್ಣದ ವಿಷಯದಲ್ಲಿ ಫೋನನ್ನೂ ನಂಬಬೇಡಿ, ಅಚ್ಚಾದ ಫೋಟೊವನ್ನೂ ನಂಬಬೇಡಿ. ಒಂದೊಂದು ಫೋನಿನಲ್ಲಿ ಒಂದೊಂದು ಬಣ್ಣ. ಅಚ್ಚಿನಲ್ಲಿ ನಾಲ್ಕು ಶಾಯಿ ಬೆರೆಸಿ ಮಾಡಿದ ಬಣ್ಣ ಲ್ಯಾಮಿನೇಟ್ ಬಣ್ಣದ ಹತ್ತಿರ ಬರುತ್ತೆ ಅಷ್ಟೇ. ಹೊಳಪು, ಕೈಗೆ ಸಿಗುವ ನೆರಿಗೆ ಯಾವ ಚಿತ್ರದಲ್ಲೂ ಬರಲ್ಲ. ನಿಮ್ಮ ಲೈನ್‌ನಲ್ಲಿ ಕ್ಯಾಟಲಾಗ್ ಅಂದರೆ ನಿಜವಾದ ತುಂಡು ಅಂಟಿಸಿದ ಫೋಲ್ಡರ್. ಪೇಂಟ್‌ನವರ ಶೇಡ್ ಕಾರ್ಡ್ ಕೂಡ ಅದಕ್ಕೇ ಇವತ್ತಿಗೂ ಉಳಿದಿದೆ. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದ ಆರ್‌ಎಎಲ್ ಪಟ್ಟಿ ಇದೆ, ನಮ್ಮ ಪೌಡರ್ ಕೋಟಿಂಗ್‌ನವರು ಅಲ್ಯೂಮಿನಿಯಂ ಕಿಟಕಿಗೆ "9005 ಕಪ್ಪು, 7016 ಗ್ರೇ" ಅಂತ ನಂಬರ್ ಹೇಳೋದು ಅದರಿಂದಲೇ. ಅದನ್ನೂ ಇಂದಿಗೂ ಬೀಸಣಿಗೆ ಥರ ಬಿಚ್ಚುವ ಕಾರ್ಡಿನಲ್ಲೇ ನೋಡಿ ಒಪ್ಪಿಕೊಳ್ಳುತ್ತಾರೆ.

ಗಿರಾಕಿಗೆ ತುಂಡನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ತೋರಿಸಿ ಮುಗಿಸಬೇಡಿ. ಬಾಗಿಲಿಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ತೋರಿಸಿ. ಆಮೇಲೆ ಆ ತುಂಡನ್ನು ಮನೆಗೆ ಕೊಟ್ಟು ಕಳಿಸಿ, ರಾತ್ರಿ ಅಡುಗೆಮನೆ ಲೈಟಿನಲ್ಲಿ ನೋಡಿ ಬರಲಿ. ಒಪ್ಪಿದ ತುಂಡಿನ ಹಿಂದೆ ಅವರ ಸಹಿ, ದಿನಾಂಕ ಹಾಕಿಸಿ ನೀವು ಇಟ್ಟುಕೊಳ್ಳಿ. ಒಂದು ಮನೆಗೆ ಬೇಕಾದ ಎಂಟಡಿ ನಾಲ್ಕಡಿ ಶೀಟುಗಳನ್ನು ಒಂದೇ ಸಲ ತರಿಸಿ. ಬ್ಯಾಚ್ ಬದಲಾದರೆ ಅದೇ ನಂಬರಿನಲ್ಲೂ ಒಂದು ಎಳೆ ವ್ಯತ್ಯಾಸ ಬರುತ್ತೆ. ಎರಡು ವರ್ಷ ದಾಟಿದ ಫೋಲ್ಡರ್ ಕಂಪನಿಗೆ ವಾಪಸ್ ಕೊಟ್ಟು ಹೊಸದು ಕೇಳಿ. ಅಂಟಿಸಿದ ತುಂಡು ಬಿಸಿಲಿಗೆ ಬಿಳಚಿಕೊಂಡಿರುತ್ತೆ, ಅದರಲ್ಲಿರುವ ಅರ್ಧ ನಂಬರ್ ನಿಂತೂ ಹೋಗಿರುತ್ತೆ.

ಪ್ರಶ್ನೆ: ಹಾವೇರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎಲ್ಲ ಕ್ಯಾಟಲಾಗ್ ಇಂಗ್ಲಿಷ್‌ನಲ್ಲೇ ಇರುತ್ತವೆ. ನಮ್ಮಲ್ಲಿಗೆ ಬರುವ ಬಡಿಗೇರರು ಓದುವುದು ಕನ್ನಡ. ಕನ್ನಡದಲ್ಲಿ ಯಾರೂ ಯಾಕೆ ಮಾಡಿಸುವುದಿಲ್ಲ?
— ಓದುಗರು, ಹಾವೇರಿ

ಈ ಪತ್ರಕ್ಕಾಗಿ ನಿಮಗೆ ಧನ್ಯವಾದ. ಕಂಪನಿಯವರು ಇದನ್ನು ಓದಲಿ ಅಂತಲೇ ಇಲ್ಲಿ ಹಾಕಿದ್ದೇನೆ.

ಮಾಡಿಸದಿರೋಕೆ ಮೊದಲ ಕಾರಣ, ಆರ್ಡರ್ ಕೊಡೋರು ಅಂಗಡಿ ಮಾಲೀಕರು, ಅವರಿಗೆ ಇಂಗ್ಲಿಷ್ ಹೆಸರು ಗೊತ್ತು ಅನ್ನೋ ಲೆಕ್ಕ. ಆದರೆ ಆ ಪುಟ ನೋಡಿ "ಇದು ಬೇಕು" ಅಂತ ತೋರಿಸೋದು ಬಡಿಗೇರರು. ಅವರಿಗೆ ಅರ್ಥವಾದರೆ ತಾನೇ ಮಾಲೀಕರಿಗೆ ಆರ್ಡರ್? ಎರಡನೆಯದು, ಹೆಸರಿನ ತೊಡಕು. ನಮ್ಮ ಕಡೆ ಹಿಂಜಸ್ ಅಂತಾರೆ, ನಿಮ್ಮ ಕಡೆ ಬಿಜಾಗರಿ ಅನ್ನೋರು ಈಗಲೂ ಇದ್ದಾರೆ. ಚಿಲಕ, ಅಗುಳಿ, ಕೊಂಡಿ, ಒಂದೊಂದು ಊರಿನಲ್ಲಿ ಒಂದೊಂದು ಸಾಮಾನಿಗೆ ಹೇಳುತ್ತಾರೆ. ಇದಕ್ಕೆ ಪರಿಹಾರ ಸುಲಭ. ಕಷ್ಟಪಟ್ಟು ಹೊಸ ಪದ ಕಟ್ಟಬೇಕಿಲ್ಲ. ಟವರ್ ಬೋಲ್ಟ್, ಆಲ್‌ಡ್ರಾಪ್ ಅಂತ ಕನ್ನಡ ಅಕ್ಷರದಲ್ಲೇ ಬರೆದು, ಪಕ್ಕದಲ್ಲಿ ಊರಿನ ಹೆಸರು ಹಾಕಿದರೆ ಸಾಕು. ಅಳತೆಯನ್ನು ಮಿಲಿಮೀಟರ್ ಜೊತೆ ಇಂಚು, ಸೂತಿನಲ್ಲೂ (ಇಂಚಿನ ಎಂಟನೇ ಒಂದು ಭಾಗ) ಕೊಡಬೇಕು.

ಮೂರನೆಯದು ಪ್ರೆಸ್ಸಿನ ತಾಪತ್ರಯ. ಪುಟ ಕಟ್ಟುವ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರ್‌ನಲ್ಲಿ, ನಾವು ಫೋನಿನಲ್ಲಿ ಟೈಪ್ ಮಾಡುವಂಥ ಯೂನಿಕೋಡ್ ಕನ್ನಡ ಕೂರಲ್ಲ, ನುಡಿ ಅಥವಾ ಬರಹ ಫಾಂಟಿಗೆ ಬದಲಿಸಬೇಕು. ಬದಲಿಸುವಾಗ ಒತ್ತಕ್ಷರ ಒಡೆಯುತ್ತೆ, ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತೆ. ಕನ್ನಡ ಓದಲು ಬಾರದ ಡಿಸೈನರ್‌ಗೆ ಅದು ಗೊತ್ತೇ ಆಗಲ್ಲ. ನಾನೇ ನೋಡಿದ ಒಂದು ಕ್ಯಾಟಲಾಗ್‌ನಲ್ಲಿ "ಇಸ್ಕ್ರೂ" ಅನ್ನೋದು ಹತ್ತು ಪುಟಗಳಲ್ಲೂ ಒಡೆದು ಅಚ್ಚಾಗಿತ್ತು. ಪ್ರೂಫ್ ಅನ್ನು ಕನ್ನಡ ಬಲ್ಲ ಒಬ್ಬರು ಕಾಗದದ ಮೇಲೆ ಓದಿ ಸಹಿ ಹಾಕಿದ ಮೇಲೆಯೇ ಪ್ಲೇಟ್ ಮಾಡಿಸಬೇಕು. ಅಷ್ಟು ಮಾಡಿದರೆ ಆಗದ ಕೆಲಸ ಏನಲ್ಲ.

ಅಲ್ಲಿಯವರೆಗೆ ನೀವು ಒಂದು ಕೆಲಸ ಮಾಡಿ. ಅಂಗಡಿಯಲ್ಲಿ ಜಾಸ್ತಿ ಬಳಸುವ ಕ್ಯಾಟಲಾಗ್ ಒಂದು ತಗೊಂಡು ಪ್ರತಿ ಚಿತ್ರದ ಕೆಳಗೆ ನಿಮ್ಮ ಬಡಿಗೇರರು ಕರೆಯುವ ಹೆಸರು ಬರೆಯಿರಿ. ಬರೆದು ಮುಗಿದ ಮೇಲೆ ಆ ಕಂಪನಿಯ ರೆಪ್‌ಗೆ ತೋರಿಸಿ. ಅವರು ಫೋಟೊ ಹೊಡೆದುಕೊಂಡು ಹೋಗದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ಬೆಂಗಳೂರಿನ ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಮೊದಲ ಸಲ ಸ್ಟಾಲ್ ಹಾಕುತ್ತಿದ್ದೇವೆ. ಎಷ್ಟು ಕ್ಯಾಟಲಾಗ್ ಒಯ್ಯಬೇಕು?
— ಓದುಗರು, ಬೆಳಗಾವಿ

ಐವತ್ತು. ಕೇಳಿದವರಿಗೆಲ್ಲ ಒಂದು ಹಾಳೆಯ ಪಟ್ಟಿ ಕೊಡಿ. ಮೇಳದಲ್ಲಿ ಕೈಗೆ ಬಂದ ದಪ್ಪ ಪುಸ್ತಕ ಸಂಜೆ ಭಾರವಾಗಿ ಮೆಟ್ರೊ ದಾರಿಯಲ್ಲೇ ಉಳಿದುಬಿಡುತ್ತೆ. ನಿಂತು ಹತ್ತು ನಿಮಿಷ ಮಾತಾಡಿದವರ ವಿಳಾಸ ಬರೆದುಕೊಂಡು, ಒಂದು ವಾರದ ಮೇಲೆ ಪುಸ್ತಕ ಕೊರಿಯರ್ ಮಾಡಿ. ಅವರು ಕೇಳಿದ ಐಟಂ ಇರುವ ಪುಟಕ್ಕೆ ಒಂದು ಚೀಟಿ ಅಂಟಿಸಿ ಕಳಿಸಿ. ತಲುಪಿದ ದಿನ ಫೋನ್ ಮಾಡಿ.

ಪ್ರಶ್ನೆ: ಚನ್ನಪಟ್ಟಣದಲ್ಲಿ ನಾವು ಐದು ಜನ ಹೆಂಗಸರು ಸೇರಿ ಮರದ ಗೊಂಬೆ ಮಾಡುತ್ತೇವೆ. ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಊರೊಳಗೆ ಬರುವ ಗಿರಾಕಿಗಳು ಕಡಿಮೆ. ಬೇರೆ ಊರಿನ ಅಂಗಡಿಗಳಿಗೆ ಕೊಡಬೇಕು ಅಂತಿದ್ದೇವೆ. ನಮ್ಮವರೊಬ್ಬರು 16 ಪುಟದ ಬಣ್ಣದ ಕ್ಯಾಟಲಾಗ್ ಮಾಡಿಸಿ ಅನ್ನುತ್ತಾರೆ. ನಮ್ಮ ಹತ್ತಿರ ಇರೋದು 14 ಥರ ಗೊಂಬೆ. ಮಾಡಿಸೋಣವಾ?
— ಓದುಗರು, ಚನ್ನಪಟ್ಟಣ

ಬೇಡಮ್ಮಾ. ಖಂಡಿತ ಬೇಡ.

ಹದಿನಾಲ್ಕು ಗೊಂಬೆಗೆ ಹದಿನಾರು ಪುಟ ಯಾಕೆ? ಮೇಲೆ ಹೇಳಿದ ಹಾರ್ಡ್‌ವೇರ್ ಅಂಗಡಿಗೆ ಪುಸ್ತಕ ಬೇಕಾಗಿದ್ದು ಅಲ್ಲಿ ನೂರಾರು ಐಟಂ ಇವೆ, ಒಂದಕ್ಕೊಂದು ಹೋಲುತ್ತವೆ, ನೆನಪಿಟ್ಟುಕೊಳ್ಳೋಕೆ ಆಗಲ್ಲ ಅನ್ನೋ ಕಾರಣಕ್ಕೆ. ನಿಮ್ಮ ಗೊಂಬೆಯನ್ನು ಒಂದು ಸಲ ಕೈಯಲ್ಲಿ ಹಿಡಿದವರು ಮರೆಯಲ್ಲ. ಹಾಲೆ ಮರದ ಹಗುರ, ಅರಗಿನ ನುಣುಪು, ಅದನ್ನು ಯಾವ ಆರ್ಟ್ ಪೇಪರೂ ತೋರಿಸಲ್ಲ. ಆ ಹಣದಲ್ಲಿ ಸ್ಯಾಂಪಲ್ ಪೆಟ್ಟಿಗೆಗಳನ್ನು ಮಾಡಿ. ಒಂದೊಂದರಲ್ಲಿ ಆರು ಗೊಂಬೆ, ಎಲ್ಲ ಬಣ್ಣ ಬರುವ ಹಾಗೆ. ಹತ್ತು ಅಂಗಡಿ ಆರಿಸಿ ಕಳಿಸಿ.

ಪೆಟ್ಟಿಗೆಯೊಳಗೆ ಒಂದೇ ಒಂದು ದಪ್ಪ ಹಾಳೆ ಇರಲಿ, ಎರಡೂ ಕಡೆ ಅಚ್ಚು. ಮುಂದೆ ಹದಿನಾಲ್ಕೂ ಗೊಂಬೆಗಳ ಚಿತ್ರ, ಪಕ್ಕದಲ್ಲಿ ನಂಬರ್, ಎತ್ತರ ಎಷ್ಟು ಸೆಂಟಿಮೀಟರ್, ತೂಕ ಎಷ್ಟು ಗ್ರಾಂ. ತೂಕ ಮರೆಯಬೇಡಿ, ಅಂಗಡಿಯವರು ಪಾರ್ಸೆಲ್ ಖರ್ಚು ಲೆಕ್ಕ ಹಾಕೋದು ಅದರಿಂದ. ಹಿಂದೆ, ಕನಿಷ್ಠ ಎಷ್ಟು ತಗೋಬೇಕು, ಆರ್ಡರ್ ಕೊಟ್ಟ ಮೇಲೆ ಎಷ್ಟು ದಿನಕ್ಕೆ ಕೊಡ್ತೀರಿ, ಮುರಿದು ಬಂದರೆ ಏನು ಮಾಡ್ತೀರಿ ಅಂತ ನಾಲ್ಕು ಸಾಲು. ದಿನಗಳನ್ನು ಧಾರಾಳವಾಗಿ ಹಾಕಿ. ಕಡಿಮೆ ಹಾಕಿ ತಡವಾದರೆ ಮೊದಲ ಆರ್ಡರ್‌ಗೇ ಹೆಸರು ಕೆಡುತ್ತೆ.

ಇನ್ನೊಂದು ಸಾಲು ತಪ್ಪದೇ ಇರಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಗೊಂಬೆಗಳಿಗೆ ಅದರಿಂದ ವಿನಾಯಿತಿ ಇದೆ. ಜಿಐ (ಭೌಗೋಳಿಕ ಗುರುತು) ಅಡಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೂ ಇದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಇರೋದು ನಿಮಗೆ ಗೊತ್ತೇ ಇದೆ. ಬೇರೆ ಊರಿನ ಅಂಗಡಿಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು, ಯಾಕಂದರೆ ತಪಾಸಣೆಗೆ ಬಂದರೆ ಉತ್ತರ ಹೇಳಬೇಕಾದವರು ಅವರು. ನಿಮ್ಮ ಐದು ಜನರಲ್ಲಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರ ನಂಬರನ್ನು ಹಾಳೆಯ ಹಿಂದೆ ಹಾಕಿಸಿ. ಯಾರದ್ದೂ ಆಗಿರದಿದ್ದರೆ ಅಚ್ಚಿನ ಕೆಲಸ ಆಮೇಲೆ, ಮೊದಲು ಆ ನೋಂದಣಿ ಮಾಡಿಸಿಕೊಳ್ಳಿ.